ಮಾವನವರ ಮೀಟರು

ನಮ್ಮ ಮನೆಯಲ್ಲಿ ಏನನ್ನಾದರೂ ಅಳೆಯೋಕೆ ಹೊರಟರೆ ಸಾಕು, ಅಳತೆ ಮೀರಿದ್ದೊಂದು ನಡೆದೇ ತೀರುತ್ತೆ. ನಾನು ಹೈಸ್ಕೂಲಿನಲ್ಲಿ ಗಣಿತದ ಟೀಚರ್. ನಮ್ಮ ಮಾವನವರು ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ಫೋರ್‌ಮನ್ ಆಗಿ ನಿವೃತ್ತರಾದವರು. ಇಬ್ಬರು ಲೆಕ್ಕದವರು ಒಂದೇ ಸೂರಿನಡಿ ಇದ್ದರೆ ಮನೆ ಅಚ್ಚುಕಟ್ಟಾಗಿರುತ್ತೆ ಅಂತ ಚಾಮರಾಜಪೇಟೆಯ ನಮ್ಮ ಬೀದಿಯವರೆಲ್ಲ ನಂಬಿದ್ದರು. ಈಗ ಯಾರೂ ನಂಬಲ್ಲ.

ಮಲಗಿದ್ರೂ ತಿನ್ನೋರು

ಅತ್ತೆ ಹೋಗಿ ನಾಲ್ಕು ತಿಂಗಳಾಗಿತ್ತು. ಮಾವನವರು ಮಾತು ಬಿಟ್ಟಿದ್ದರು. ಮುನಿಸೇನಲ್ಲ, ಮಾತೇ ಖಾಲಿಯಾದಂತಿತ್ತು. "ಕಾಫಿ ಕೊಡ್ಲಾ ಮಾವ?" ಅಂದರೆ "ಹೂಂ". "ಸಕ್ಕರೆ ಸರಿಯಾಗಿದ್ಯಾ?" ಅಂದರೆ "ಹೂಂ". ನಾನು ಸಕ್ಕರೆ ಹಾಕೋದನ್ನೇ ಮರೆತ ದಿನವೂ "ಹೂಂ". ಮೆಟ್ಟಿಲ ಕೆಳಗೆ ಅವರದೊಂದು ಪುಟ್ಟ ವರ್ಕ್‌ಶಾಪ್ ಇದೆ. ಗರಗಸ, ಅರ, ಸುತ್ತಿಗೆ ಎಲ್ಲ ಅಲ್ಲೇ. ಅದರ ಬಾಗಿಲನ್ನೂ ಅಷ್ಟು ದಿನ ಯಾರೂ ತೆಗೆದಿರಲಿಲ್ಲ.

ಒಂದು ಭಾನುವಾರ ನಮ್ಮ ಯಜಮಾನರು ಕರೆಂಟ್ ಬಿಲ್ ಹಿಡಿದುಕೊಂಡು, "ವಿಚಿತ್ರ ನೋಡು, ಮನೇಲಿ ಒಬ್ಬರು ಕಡಿಮೆಯಾದ್ರು, ಯೂನಿಟ್ ಮಾತ್ರ ಕಡಿಮೆಯಾಗಿಲ್ಲ" ಅಂದುಬಿಟ್ಟರು. ಅಂದ ಮೇಲೆ ನಾಲಿಗೆ ಕಚ್ಚಿಕೊಂಡರು. ನಾನು ಕಣ್ಣಲ್ಲೇ ಸುಟ್ಟೆ.

ಮಾವನವರು ಪೇಪರ್ ಮಡಚಿ ಪಕ್ಕಕ್ಕಿಟ್ಟು ಹೇಳಿದರು: "ಅಳೀಬೇಕು."

ನಾಲ್ಕು ತಿಂಗಳಲ್ಲಿ "ಹೂಂ" ಅಲ್ಲದ ಮೊದಲ ಮಾತು! ಮರುದಿನ ಸ್ಕೂಲ್ ಮುಗಿಸಿ ನೇರ ಎಸ್.ಪಿ. ರೋಡಿಗೆ ಹೋಗಿ, ಪ್ಲಗ್ಗಿಗೂ ಸಾಕೆಟ್ಟಿಗೂ ನಡುವೆ ಸಿಕ್ಕಿಸುವ ಅಂಗೈಯಗಲದ ಮೀಟರೊಂದನ್ನು ತಂದುಕೊಟ್ಟೆ. ಯಾವ ಸಾಮಾನು ಎಷ್ಟು ಕರೆಂಟ್ ತಿನ್ನುತ್ತೆ ಅಂತ ಅದು ಹೇಳುತ್ತೆ. ಮಾವನವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ನಿಜ ಹೇಳುತ್ತೆ ಅಂತ ಯಾರು ಹೇಳಿದ್ದು?" ಅಂದರು. ಹಳೇ ಅರವತ್ತು ವಾಟ್ ಬಲ್ಬು ಹಾಕಿ ಪರೀಕ್ಷೆ ಮಾಡಿದರು. ಐವತ್ತೆಂಟು ತೋರಿಸಿತು. "ಪರವಾಗಿಲ್ಲ, ಬಲ್ಬಿಗೂ ವಯಸ್ಸಾಗಿದೆ" ಅಂತ ಪಾಸ್ ಮಾಡಿದರು.

ಇಸ್ತ್ರಿ ಪೆಟ್ಟಿಗೆ, ಗ್ರೈಂಡರ್, ಟೇಬಲ್ ಫ್ಯಾನ್ ಎಲ್ಲ ಆಯಿತು. ಶನಿವಾರ ಮಧ್ಯಾಹ್ನ ಟಿವಿಯ ಸೆಟ್‌ಟಾಪ್ ಬಾಕ್ಸಿನ ಸರದಿ. ಮಾವನವರು ಮೀಟರಿಗೆ ಮುಖ ಹತ್ತಿಸಿ ನೋಡಿದರು.

"ರಿಮೋಟಲ್ಲಿ ಆಫ್ ಮಾಡಿದ್ರೂ ಈ ಡಬ್ಬ ಕರೆಂಟ್ ಎಳೀತಾನೇ ಇದೆ ಕಣಮ್ಮ. ಮಲಗಿದ್ರೂ ತಿಂತಾ ಇದೆ."

"ಹಾಗೂ ಇರುತ್ತಾ ಮಾವ?"

ಮಾವನವರು ಕನ್ನಡಕದ ಮೇಲಿಂದ ಸೋಫಾ ಕಡೆ ನೋಡಿದರು. ಅಲ್ಲಿ ಅವರ ಮಗ ಅಂಗಾತ ಮಲಗಿ, ಕಣ್ಣು ಮುಚ್ಚಿಕೊಂಡು, ಎದೆಯ ಮೇಲಿನ ತಟ್ಟೆಯಿಂದ ಒಂದೊಂದೇ ಕೋಡುಬಳೆ ಮೆಲ್ಲುತ್ತಿದ್ದರು.

"ಇರುತ್ತಮ್ಮ," ಅಂದರು ಮಾವನವರು, "ನಮ್ಮನೇಲೇ ಎರಡಿದೆ."

ಫ್ರಿಡ್ಜಿನ ಬಾಗಿಲು

ಫ್ರಿಡ್ಜನ್ನು ಇಪ್ಪತ್ನಾಲ್ಕು ಗಂಟೆ ತೆಗೆಯದೇ ಅಳೆಯಬೇಕು ಅಂತ ಮಾವನವರು ತೀರ್ಮಾನ ಮಾಡಿದರು. ಶನಿವಾರ ನಾಲ್ಕಕ್ಕೆ ಶುರು, ಭಾನುವಾರ ನಾಲ್ಕಕ್ಕೆ ಮುಕ್ತಾಯ. ಹಾಲು, ತರಕಾರಿ ಮೊದಲೇ ಹೊರಗಿಟ್ಟುಕೊಂಡೆ. ಬಾಗಿಲ ಮೇಲೆ ಮಾವನವರು ದಪ್ಪಕ್ಷರದಲ್ಲಿ "ತೆಗೆಯಬಾರದು" ಅಂತ ಚೀಟಿ ಅಂಟಿಸಿ, ಎದುರಿಗೇ ಕುರ್ಚಿ ಹಾಕಿಕೊಂಡು, ನೋಟ್‌ಬುಕ್ ಹಿಡಿದು ಕೂತರು.

ನಾನು ಹೂವು ತರೋಕೆ ಹೋಗಿದ್ದಾಗ ಪಕ್ಕದ ಮನೆಯಾಕೆ ಮೊಸರಿಗೆ ಹೆಪ್ಪು ಕೇಳಿಕೊಂಡು ಬಂದಿದ್ದಾರೆ. ಮಾವನವರು ಮೀಟರಿನಿಂದ ಕಣ್ಣು ಕೀಳದೆ ಹೇಳಿದ್ದು ಇಷ್ಟು: "ಫ್ರಿಡ್ಜ್ ತೆಗೆಯೋ ಹಾಗಿಲ್ಲಮ್ಮ. ನಾಳೆ ನಾಲ್ಕು ಗಂಟೆ ತನಕ ನನಗೂ ಇಲ್ಲ."

ಆಕೆ ಚೀಟಿ ನೋಡಿದ್ದಾರೆ. ಮುಚ್ಚಿದ ಫ್ರಿಡ್ಜಿನ ಮುಂದೆ ಕಾದು ಕೂತ ಮುದುಕರನ್ನು ನೋಡಿದ್ದಾರೆ. ಖಾಲಿ ಬಟ್ಟಲು ಹಿಡಿದು ವಾಪಸ್ ಹೋಗಿದ್ದಾರೆ.

ಸಂಜೆ ತ್ಯಾಗರಾಜನಗರದಿಂದ ನಾದಿನಿಯ ಫೋನು.

"ಅತ್ತಿಗೆ, ಅಪ್ಪ ಹೇಗಿದಾರೆ?"

"ಚೆನ್ನಾಗಿದಾರೆ."

"ಹೊಟ್ಟೆ ತುಂಬಾ ಊಟ ಮಾಡ್ತಿದಾರಾ?"

"ಮಾಡ್ತಿದಾರಲ್ಲ, ಯಾಕೆ?"

ಆ ಕಡೆ ಬಾಗಿಲು ಮುಚ್ಚಿದ ಸದ್ದು. ಆಮೇಲೆ ಸಣ್ಣ ದನಿಯಲ್ಲಿ, "ಫ್ರಿಡ್ಜಿಗೆ ಬೀಗ ಹಾಕಿದೀರಂತೆ?"

ಮೀಟರಿನ ಕಥೆಯೆಲ್ಲ ಹೇಳಿದೆ. ಎಷ್ಟು ಹೇಳಿದರೂ ಆಕೆ "ಹೂಂ, ಹೂಂ" ಅಂದಳೇ ಹೊರತು ನಂಬಿದ ಹಾಗೆ ಕಾಣಲಿಲ್ಲ. ಭಾನುವಾರ ಬೆಳಿಗ್ಗೆ ಪಕ್ಕದ ಮನೆಯಿಂದ ಬಿಸಿಬೇಳೆ ಬಾತ್ ಬಂತು. ಹತ್ತು ಗಂಟೆಗೆ ಆಟೋ ಬಂದು ನಿಂತಿತು. ನಾದಿನಿ ಎರಡು ಡಬ್ಬಿ ಹೋಳಿಗೆ ಹಿಡಿದು, ಕಣ್ಣು ಕೆಂಪು ಮಾಡಿಕೊಂಡು ಇಳಿದಳು. ನಾನು ನೋಟ್‌ಬುಕ್ ತಂದು, ಗಂಟೆಗಂಟೆಯ ಅಂಕಿಗಳನ್ನೆಲ್ಲ ತೋರಿಸಿ, ಸ್ಕೂಲಿನಲ್ಲಿ ವಿವರಿಸಿದ ಹಾಗೆ ವಿವರಿಸಿದೆ. ಕೊನೆಗೆ ಆಕೆಗೆ ಅರ್ಥವಾಗಿ ನಗು ಬಂತು. ನನಗೆ ಮಾತ್ರ ಅಳು ಬಂತು. ಆಕೆ ನನ್ನ ಕೈ ಹಿಡಿದುಕೊಂಡಳು.

ಇಷ್ಟೆಲ್ಲ ನಡೆಯುವಾಗ ಮಾವನವರು ತಲೆ ಬಗ್ಗಿಸಿ ತುಪ್ಪ ಹಾಕಿಕೊಂಡು ತಿನ್ನುತ್ತಾ ಇದ್ದರು.

"ಮಾವ, ನೀವೇ ಒಂದು ಮಾತು ಹೇಳಿದ್ರೆ ಮುಗೀತಿತ್ತಲ್ಲ?"

"ಹೇಳ್ತಿದ್ದೆ ಕಣಮ್ಮ. ಹೋಳಿಗೆ ಮುಗೀಲಿ ಅಂತ ಕಾಯ್ತಿದ್ದೆ."

ಒಂಬತ್ತಿಂಚಿನ ಗೋಡೆ

ಮಾತಿನ ಜೊತೆ ಮೆಟ್ಟಿಲ ಕೆಳಗಿನ ಬಾಗಿಲೂ ತೆರೆಯಿತು. ಸಾಮಾನು ಜೋಡಿಸೋಕೆ ಗೋಡೆಗೆ ಒಂದು ಹಲಗೆ ಹೊಡೆಯಬೇಕಾಗಿತ್ತು. ಮಾವನವರಿಗೆ ಕೈ ನಡುಗುತ್ತೆ. ಹಾಗಾಗಿ ಪೆನ್ಸಿಲ್ ಗುರುತು ಅವರದು, ಡ್ರಿಲ್ ನನ್ನದು.

"ಅದುಮಿ ಹಿಡಿ. ಇದು ಒಂಬತ್ತಿಂಚಿನ ಗೋಡೆ. ನಮ್ಮಪ್ಪ ನಿಂತು ಕಟ್ಟಿಸಿದ್ದು. ಆನೆ ಗುದ್ದಿದ್ರೂ ಅಲ್ಲಾಡಲ್ಲ."

ಅದುಮಿದೆ. ಗಾರೆ ಉದುರಿತು, ಇಟ್ಟಿಗೆ ಪುಡಿ ಉದುರಿತು. ಇದ್ದಕ್ಕಿದ್ದಂತೆ ಡ್ರಿಲ್ಲು ಹಗುರಾಗಿ ಹಿಡಿಯ ತನಕ ಒಳಕ್ಕೆ ಹೋಯಿತು. ಗೋಡೆಯ ಆಚೆಯಿಂದ ಪಕ್ಕದ ಮನೆಯಾಕೆಯ ಕೂಗು ಕೇಳಿಸಿತು:

"ರೀ ಟೀಚರ್! ನಮ್ಮನೆ ಕ್ಯಾಲೆಂಡರ್ ತಾನೇ ತಾನಾಗಿ ತಿರುಗ್ತಿದೆ!"

ಓಡಿಹೋದೆವು. ಗೋಡೆಯ ತುಂಬಾ ಸುಣ್ಣದ ಪುಡಿ, ಕ್ಯಾಲೆಂಡರಿನ ಮಧ್ಯೆ ಒಂದು ದುಂಡು ತೂತು. ನಾನು ಕೈ ಮುಗಿದು ಕ್ಷಮೆ ಕೇಳುತ್ತಿದ್ದರೆ, ಮಾವನವರು ತೂತಿಗೆ ಕಡ್ಡಿ ತೂರಿಸಿ ಅಳೆದು, "ನಾಲ್ಕೂವರೆ!" ಅಂದರು. "ಮೇಸ್ತ್ರಿ ನಮ್ಮಪ್ಪನಿಗೆ ಮೋಸ ಮಾಡಿದಾನೆ!"

ಪಕ್ಕದ ಮನೆಯಾಕೆ ಹತ್ತಿರ ಹೋಗಿ ತೂತು ಯಾವ ತಾರೀಕಿನ ಮೇಲೆ ಬಿದ್ದಿದೆ ಅಂತ ನೋಡಿದರು. ಫ್ರಿಡ್ಜ್ ಗಲಾಟೆ ಆದಮೇಲೆ ಆಕೆಗೂ ಒಳಗೊಳಗೇ ಸಂಕೋಚವಿತ್ತು ಅಂತ ಕಾಣುತ್ತೆ.

"ಏಕಾದಶಿ ಮೇಲೆ ಬಿದ್ದಿದೆ, ಬಿಡಿ ಟೀಚರ್," ಅಂದರು. "ಅವತ್ತು ಹೇಗೂ ಊಟ ಇಲ್ಲ."

ಐದು ಗಂಟೆಯ ಬಕೆಟ್ಟು

ಎಲ್ಲ ಅಳೆದರೂ ಹೆಚ್ಚಿನ ಯೂನಿಟ್ ಎಲ್ಲಿ ಹೋಗುತ್ತಿದೆ ಅಂತ ತಿಳಿದಿರಲಿಲ್ಲ. ಮಾವನವರು ಹೊರಗಿನ ಮೇನ್ ಮೀಟರನ್ನೇ ಒಂದು ವಾರ ಗಂಟೆಗೊಮ್ಮೆ ಓದಿ ಬರೆದಿಟ್ಟರು. ವಾರದ ಕೊನೆಗೆ ಪುಸ್ತಕ ನನ್ನ ಮುಂದಿಟ್ಟರು.

"ಬೆಳಗಿನ ಜಾವ ನಾಲ್ಕರಿಂದ ಐದರೊಳಗೆ ದಿನಾ ಹತ್ತಿರ ಹತ್ತಿರ ಒಂದು ಯೂನಿಟ್ ಹೋಗ್ತಿದೆ. ಆ ಹೊತ್ತಲ್ಲಿ ಮನೇಲಿ ಯಾರು ಎದ್ದಿರ್ತಾರೆ?"

"ನೀವೊಬ್ಬರೇ, ಮಾವ."

ಆಗ ನನಗೆ ನೆನಪಾಯಿತು. ದಿನಾ ನಾನು ಎದ್ದು ಬಚ್ಚಲಿಗೆ ಹೋದರೆ ಒಂದು ಬಕೆಟ್ ಉಗುರುಬೆಚ್ಚಗಿನ ನೀರು ತುಂಬಿರುತ್ತಿತ್ತು. ಯಜಮಾನರು ತುಂಬಿಸಿ ಮರೆತಿದ್ದಾರೆ ಅಂದುಕೊಂಡು ಅದನ್ನು ಬಾಗಿಲಿಗೆ ಹಾಕಿ ರಂಗೋಲಿ ಇಡುತ್ತಿದ್ದೆ.

"ಮಾವ, ಬೆಳಿಗ್ಗೆ ಬಕೆಟ್ ತುಂಬಿಸೋದು ನೀವಾ?"

ಮಾವನವರು ಪುಸ್ತಕದಲ್ಲಿ ಐದು ಗಂಟೆಯ ಸಾಲಿನ ಮೇಲೆ ಬೆರಳಿಟ್ಟರು. ಅತ್ತೆಯದು ಐದು ಗಂಟೆಯ ಸ್ನಾನ. ಗೀಸರ್ ಹಾಕಿ, ಬಕೆಟ್ ತುಂಬಿಸಿ, "ನೀರು ಕಾದಿದೆ" ಅಂತ ಕರೆಯುವುದು ಅಷ್ಟೂ ವರ್ಷ ಮಾವನವರ ಕೆಲಸವಾಗಿತ್ತು.

"ಕರೆಯೋದೊಂದು ನಿಂತಿದೆ," ಅಂದರು. "ಕೈಗೆ ಇನ್ನೂ ಗೊತ್ತಾಗಿಲ್ಲ ನೋಡಮ್ಮ. ನಾಳೆಯಿಂದ ಅದನ್ನೂ ನಿಲ್ಲಿಸ್ತೀನಿ."

"ನಿಲ್ಲಿಸ್ಬೇಡಿ ಮಾವ. ನಾಳೆಯಿಂದ ಐದಕ್ಕೆ ನಾನೇ ಸ್ನಾನ ಮಾಡ್ತೀನಿ."

ಮಾವನವರು ತಲೆ ಎತ್ತಿದರು. "ನೀನಾ?"

"ಹೂಂ."

"ಐದಕ್ಕಾ?"

"ಹೂಂ, ಮಾವ."

ಅವರ ಭುಜ ಅಲ್ಲಾಡೋಕೆ ಶುರುವಾಯಿತು. ಅಳುತ್ತಿದ್ದಾರೇನೋ ಅಂತ ಗಾಬರಿಯಾದೆ. ನಗುತ್ತಿದ್ದರು! ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ಮತ್ತೆ ನಕ್ಕರು. ನಗೋದೇನೂ ತಪ್ಪಲ್ಲ. ಮರುದಿನ ಐದಕ್ಕೆ "ನೀರು ಕಾದಿದೆಯಮ್ಮ" ಅಂತ ಬಾಗಿಲು ತಟ್ಟಿದಾಗ, ಒಳಗಿನಿಂದ "ಇನ್ನು ಹತ್ತೇ ನಿಮಿಷ ಮಾವ" ಅಂದವಳು ಎದ್ದಿದ್ದು ಏಳು ಗಂಟೆಗೆ. ಅದರ ಮರುದಿನ ಅವರು ಆರಕ್ಕೆ ಕರೆದರು, ನಾನು ಆರೂಮುಕ್ಕಾಲಿಗೆ ಎದ್ದೆ. ಈಗ ಇಬ್ಬರೂ ರಾಜಿ ಮಾಡಿಕೊಂಡು ಆರೂವರೆಗೆ ಬಂದು ನಿಂತಿದ್ದೇವೆ. ನೀರು ಬಿಸಿಯಾಗಿಯೇ ಇರುತ್ತೆ.

ಕಾಲಿಂಗ್ ಬೆಲ್

ನಮ್ಮ ಕಾಲಿಂಗ್ ಬೆಲ್ ಕೆಟ್ಟಿತು. ಹೊಸದನ್ನು ನಾವೇ ಹಾಕೋಣ ಅಂದರು ಮಾವನವರು. ಮೇನ್ ಆಫ್ ಮಾಡಿ, ಟೆಸ್ಟರಿನಲ್ಲಿ ಎರಡೆರಡು ಸಲ ಮುಟ್ಟಿ ನೋಡಿ, ನಡುಮನೆಯ ಸ್ವಿಚ್ ಬೋರ್ಡ್ ಬಿಚ್ಚಿದೆವು. ಬೆಲ್ಲಿನ ವೈರು, ಅಡುಗೆಮನೆಯ ಮಿಕ್ಸಿ ಪಾಯಿಂಟಿನ ವೈರು ಎರಡೂ ಅಲ್ಲೇ ಹಾದುಹೋಗುತ್ತವೆ. ಒಂದು ಕಾಲಕ್ಕೆ ಕೆಂಪು, ಹಳದಿ ಇದ್ದವೋ ಏನೋ, ಈಗ ಎಲ್ಲ ಡಿಕಾಕ್ಷನ್ ಬಣ್ಣ.

"ಗುರುತು ಹಾಕ್ಕೊಳಮ್ಮ," ಅಂದರು ಮಾವನವರು.

"ನೆನಪಿದೆ ಮಾವ," ಅಂದೆ ನಾನು, ಗಣಿತದ ಟೀಚರು.

ಎಲ್ಲ ಜೋಡಿಸಿ ಮೇನ್ ಹಾಕಿದೆವು. ದೋಸೆಗೆ ಹೊತ್ತಾಗಿತ್ತು. ನಾನು ಅಡುಗೆಮನೆಗೆ ಓಡಿ, ಜಾರಿಗೆ ಕಾಯಿತುರಿ, ಹುರಿಗಡಲೆ, ಹಸಿಮೆಣಸಿನಕಾಯಿ ಹಾಕಿ, ಮುಚ್ಚಳ ಬಿಗಿಸಿ, ಮಿಕ್ಸಿಯ ಗುಂಡಿ ತಿರುಗಿಸಿ, ಗೋಡೆಯ ಸ್ವಿಚ್ ಒತ್ತಿದೆ. ಮಿಕ್ಸಿ ತಿರುಗಲಿಲ್ಲ. ನಡುಮನೆಯಲ್ಲಿ ಬೆಲ್ ಹೊಡೆದುಕೊಂಡಿತು.

"ಯಾರೋ ಬಂದ್ರು ನೋಡ್ರೀ!" ಅಂತ ಕೂಗಿ ಸ್ವಿಚ್ ಆಫ್ ಮಾಡಿದೆ.

ಯಜಮಾನರು ಬಾಗಿಲು ತೆಗೆದರು. "ಯಾರೂ ಇಲ್ವಲ್ಲ!"

ಮತ್ತೆ ಸ್ವಿಚ್ ಹಾಕಿದೆ. ಮತ್ತೆ ಬೆಲ್. ಮತ್ತೆ ಯಾರೂ ಇಲ್ಲ. ಮೂರನೇ ಸಲಕ್ಕೆ ಅವರು ಚಪ್ಪಲಿ ಮೆಟ್ಟಿಕೊಂಡು, "ಯಾವನೋ ಬೆಲ್ ಒತ್ತಿ ಓಡಿಹೋಗ್ತಿದಾನೆ, ಇವತ್ತು ಹಿಡೀತೀನಿ" ಅಂತ ಬೀದಿ ತುದಿಗೆ ಹೊರಟೇ ಹೋದರು. ಬಾಗಿಲು ಹಿಂದಿನಿಂದ ಹಾಕಿಕೊಂಡಿತು. ನಾನು ಮಿಕ್ಸಿ ಸುಟ್ಟುಹೋಯಿತು ಅಂತ ಅದನ್ನು ಹಾಗೇ ಬಿಟ್ಟು ಒರಳು ತೊಳೆಯೋಕೆ ಕೂತೆ.

ಅದೇ ಹೊತ್ತಿಗೆ ಪಕ್ಕದ ಮನೆಯವರು ಗಂಡ ಹೆಂಡತಿ ಇಬ್ಬರೂ ರೇಷ್ಮೆ ಉಟ್ಟು, ಬೆಳ್ಳಿ ತಟ್ಟೆಯಲ್ಲಿ ಮಗಳ ಮದುವೆ ಪತ್ರಿಕೆ, ಕುಂಕುಮ ಇಟ್ಟುಕೊಂಡು ಕರೆಯೋಕೆ ಬಂದಿದ್ದಾರೆ. ಸಂಪ್ರದಾಯವಾಗಿ ಮುಂಬಾಗಿಲಿಗೇ ಬಂದು ಬೆಲ್ ಒತ್ತಿದ್ದಾರೆ.

ಒಳಗೆ ಮಿಕ್ಸಿ "ಗರ್ರ್" ಅಂತ ತಾನಾಗಿ ಹೊರಟಿತು! ನಾನು ಕಿರುಚಿಕೊಂಡು ಎದ್ದೆ. ನಿಂತಿತು. ಮತ್ತೆ "ಗರ್ರ್ರ್". ಮತ್ತೆ ನಿಂತಿತು. ಹೊರಗಿನಿಂದ ಆಕೆಯ ದನಿ: "ಟೀಚರ್ ಚಟ್ನಿ ರುಬ್ತಿದಾರೆ ಕಣ್ರೀ, ಬೆಲ್ ಕೇಳಿಸ್ತಿಲ್ಲ, ಜೋರಾಗಿ ಒತ್ತಿ." ಈ ಸಲ ಆಕೆಯ ಗಂಡ ಬೆರಳಿಟ್ಟವರು ತೆಗೆಯಲೇ ಇಲ್ಲ.

ಮಾವನವರು ಅಡುಗೆಮನೆಗೆ ಬಂದರು. ತಿರುಗುವ ಮಿಕ್ಸಿ ನೋಡಿದರು, ಆಫ್ ಇರುವ ಸ್ವಿಚ್ ನೋಡಿದರು, ನನ್ನ ಮುಖ ನೋಡಿದರು. ಎಲ್ಲ ಅರ್ಥವಾಯಿತು ಅಂತ ಕಾಣುತ್ತೆ. ನೇರ ಹೋಗಿ ಬಾಗಿಲು ತೆರೆದರು. ಮಿಕ್ಸಿ ನಿಂತಿತು.

"ಬನ್ನಿ, ಬನ್ನಿ," ಅಂತ ಕೈ ಮುಗಿದು, ಪತ್ರಿಕೆ ಕಣ್ಣಿಗೊತ್ತಿಕೊಂಡು, ಇಬ್ಬರನ್ನೂ ಒಳಗೆ ಕೂರಿಸಿ, ಅಡುಗೆಮನೆಗೆ ಬಂದು ಮುಚ್ಚಳ ತೆಗೆದು ಬೆರಳಿನಲ್ಲಿ ಚಟ್ನಿ ಮುಟ್ಟಿ ನೋಡಿದರು. ಆಮೇಲೆ ಮುಚ್ಚಳ ಬಿಗಿಯಾಗಿ ಹಾಕಿ ಹೊರಗೆ ಹೋಗಿ, ಬಹಳ ಮರ್ಯಾದೆಯಿಂದ ಹೇಳಿದರು:

"ಬೇಜಾರು ಮಾಡ್ಕೋಬೇಡಿ. ಹೊರಗೆ ಹೋಗಿ ಇನ್ನೊಂದೇ ಒಂದು ಸಲ ಒತ್ತಿಬಿಡಿ. ಇನ್ನೂ ಸ್ವಲ್ಪ ತರಿತರಿಯಾಗಿದೆ."