ಭಾವ ಒಪ್ಪಿದ ಲಿನಕ್ಸ್

ನನ್ನ ಭಾವ ಚಪ್ಪಲಿ ಕೊಳ್ಳಲು ಹೊರಟರೆ ಅಂಗಡಿಯವನಿಗೆ ಅಂದು ಮಧ್ಯಾಹ್ನದ ಊಟವಿಲ್ಲ. ಇಂಥ ಮನುಷ್ಯನಿಗೆ ಯಾರೋ, ವಿಂಡೋಸಿನ ಹಾಗೆ ಕಂಪ್ಯೂಟರ್ ನಡೆಸುವ ಲಿನಕ್ಸ್ ಎಂಬುದು ಒಂದಲ್ಲ, ಅದರಲ್ಲಿ ನೂರೆಂಟು ಬಗೆಗಳಿವೆ, ಎಲ್ಲವೂ ಪುಕ್ಕಟೆ ಎಂದು ಹೇಳಿಬಿಟ್ಟರು. ಹೇಳಿದವರು ಎಲ್ಲಿದ್ದರೂ ಸುಖವಾಗಿರಲಿ. ಅನುಭವಿಸಿದವನು ನಾನು.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ಭಾವ ಭದ್ರಾವತಿಯ ಕಾರ್ಖಾನೆಯಿಂದ ಸ್ವಯಂ ನಿವೃತ್ತಿ ಪಡೆದು, ಹಳೆಯ ಕಂಪ್ಯೂಟರೊಂದನ್ನು ತಂದು ಮನೆಯಲ್ಲಿಟ್ಟುಕೊಂಡಿದ್ದರು. ಅದರ ವಿಂಡೋಸಿಗೆ ವೈರಸ್ ಹತ್ತಿತು. ಇದನ್ನು ಬಿಟ್ಟು ಲಿನಕ್ಸಿಗೆ ಹೋಗೋಣ, ಹೊಸಬರಿಗೆ ಸುಲಭವಾದದ್ದು ಯಾವುದು ಎಂದು ನನ್ನನ್ನು ಕೇಳಿದರು. ಬ್ಯಾಂಕಿನಲ್ಲಿ ನಾನು ಕಂಪ್ಯೂಟರ್ ಮುಂದೆ ಕೂರುತ್ತೇನೆ ಎಂಬುದಷ್ಟೇ ನನ್ನ ಅರ್ಹತೆ.

ಅಂದಿಗೆ ನನ್ನ ಭಾನುವಾರಗಳು ಮುಗಿದವು. ಭಾವ ಸಿಪಿಯು ಪೆಟ್ಟಿಗೆಯನ್ನು ಬೆಡ್‌ಶೀಟಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಬರುತ್ತಿದ್ದರು. ಕಂಡಕ್ಟರ್ ಒಮ್ಮೆ ಲಗೇಜ್ ಟಿಕೆಟ್ ಕೇಳಿದಾಗ, ತೊಡೆಯ ಮೇಲೆ ಕೂತದ್ದಕ್ಕೆ ಯಾವ ಟಿಕೆಟ್ ಎಂದು ವಾದಿಸಿ ಗೆದ್ದರಂತೆ. ಗೋಪಾಳ ಬಡಾವಣೆಯ ನಮ್ಮ ಮನೆಯಲ್ಲಿ ಪೆಟ್ಟಿಗೆ ಬಿಚ್ಚಿದರೆ ಸೀಡಿ ಹಾಕುವ ಕೆಲಸ ನನ್ನದು, ತಿರಸ್ಕರಿಸುವ ಕೆಲಸ ಅವರದು. ಒಂದು ಲಿನಕ್ಸ್ ಕಪ್ಪು ಪರದೆ ತೋರಿಸಿತೆಂದು ಹೋಯಿತು. ಇನ್ನೊಂದು ಮಾತೆತ್ತಿದರೆ ಪಾಸ್‌ವರ್ಡ್ ಕೇಳಿತು. "ನಮ್ ಫ್ಯಾಕ್ಟರಿ ಗೇಟಲ್ಲೂ ಇಷ್ಟು ಸಲ ಪಾಸ್ ಕೇಳ್ತಿರ್ಲಿಲ್ಲ ಮಾರಾಯ, ತೆಗಿ" ಎಂದರು. ಮತ್ತೊಂದರಲ್ಲಿ ಎಲ್ಲವೂ ಸರಿಯಿತ್ತು. ನಾನು ದೇವರಿಗೆ ಕೈ ಮುಗಿಯುವಷ್ಟರಲ್ಲಿ ಭಾವ ಪರದೆಗೆ ಮೂಗು ತಾಗುವಂತೆ ಬಗ್ಗಿ ಅಕ್ಷರಗಳನ್ನು ನೋಡಿ, ಸೀಡಿ ಹೊರಗೆ ತೆಗೆದರು.

ಒಮ್ಮೆ ನನ್ನ ಕಂಪ್ಯೂಟರಿನ ಮೇಲೆಯೇ ಪ್ರಯೋಗ ಮಾಡಿ ಎಲ್ಲವನ್ನೂ ಅಳಿಸಿಹಾಕಿದರು. ಮಗಳ ನಾಮಕರಣದ ಫೋಟೋಗಳೂ ಹೋದವು. ಇನ್ನೊಮ್ಮೆ ನಾಮಕರಣ ಮಾಡಲಾಗುವುದಿಲ್ಲ ಎಂದು ನಾನು ಗೊಣಗಿದರೆ, ಹುಟ್ಟುಹಬ್ಬ ಪ್ರತಿ ವರ್ಷ ಬರುತ್ತದಲ್ಲ ಎಂದು ಸಮಾಧಾನ ಹೇಳಿದರು. ನನ್ನ ಹೆಂಡತಿ ಅವರಿಗೆ ಎರಡನೇ ಕಾಫಿ ಕೊಡುವುದನ್ನು ನಿಲ್ಲಿಸಿದಳು.

ಕೊನೆಗೊಂದು ಭಾನುವಾರ ನನಗೂ ಸಾಕಾಯಿತು. "ಭಾವ, ಜೀವಮಾನವಿಡೀ ಮಷೀನ್ ಓಡಿಸಿದೋರು ನೀವು. ನೀವೆಂಥ ಹೊಸಬರು? ಯಾವ್ದಾದ್ರೂ ಒಂದು ಇಟ್ಕೊಳ್ಳಿ" ಎಂದೆ.

ಭಾವ ಬೆಡ್‌ಶೀಟ್ ಮಡಚುತ್ತಿದ್ದವರು ನಿಲ್ಲಿಸಿದರು. "ಹೊಸಬ ನಾನಲ್ಲ ಕಣೋ. ನಿಮ್ಮಕ್ಕ."

ಆಮೇಲೆ ನಿಧಾನವಾಗಿ ಹೇಳಿದರು. ಅಕ್ಕ ಓದಿದ್ದು ಕನ್ನಡದಲ್ಲಿ, ಅದೂ ನಾಲ್ಕನೇ ಕ್ಲಾಸಿನವರೆಗೆ. ದಿನಾ ಕಂಪ್ಯೂಟರಿನ ಧೂಳು ಒರೆಸುತ್ತಾಳೆ; ಎಲ್ಲ ಇಂಗ್ಲಿಷಿನಲ್ಲಿದೆಯೆಂದು ಹೆದರಿ ಒಂದು ಗುಂಡಿಯನ್ನೂ ಮುಟ್ಟುವುದಿಲ್ಲ. ಅವಳು ಓದಬಲ್ಲಂಥ ಕನ್ನಡವನ್ನು, ಒತ್ತಕ್ಷರ ಒಡೆಯದ ಕನ್ನಡವನ್ನು ತೋರಿಸುವ ಲಿನಕ್ಸನ್ನು ಅವರು ಹುಡುಕುತ್ತಿದ್ದರು.

ಮುಂದಿನ ವಾರ ನಾನೇ ಹೊಸ ಸೀಡಿ ಹಿಡಿದು ಭದ್ರಾವತಿಗೆ ಹೋದೆ. ಹಾಕಿದರೆ ಪರದೆಯಲ್ಲಿ ಅರ್ಧ ಕನ್ನಡ, ಅರ್ಧ ಇಂಗ್ಲಿಷ್. ಆದರೆ ಒತ್ತುಗಳು ತಮ್ಮ ಜಾಗದಲ್ಲಿದ್ದವು. ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ಕೂತಳು. ಯಾವ ಕೀಲಿಗೆ ಯಾವ ಕನ್ನಡ ಅಕ್ಷರ ಎಂದು ನಾನು ತೋರಿಸಿಕೊಟ್ಟ ಮೇಲೆ, ಒಂದೇ ಬೆರಳಿನಲ್ಲಿ, ಹುಡುಕಿ ಹುಡುಕಿ ಒತ್ತಿದಳು. ಮದುವೆಯಾದಂದಿನಿಂದ "ರೀ" ಎಂದೇ ಕರೆದವಳು, ಬಾಯಿ ತಪ್ಪಿಯೂ ಗಂಡನ ಹೆಸರು ಹೇಳದವಳು, ಪರದೆಯ ಮೇಲೆ ಭಾವನ ಹೆಸರು ಬರೆದಿದ್ದಳು.

ಅದರಲ್ಲಿ ಒಂದು ದೀರ್ಘ ಬಿಟ್ಟುಹೋಗಿತ್ತು. ನಾನು ತಿದ್ದಲು ಕೈ ಚಾಚಿದೆ.

ಭಾವ ನನ್ನ ಕೈ ಹಿಡಿದುಕೊಂಡರು. "ಇರ್ಲಿ ಬಿಡೋ" ಎಂದರು, "ಸರಿಯಾಗೇ ಇದೆ."