ಟಾಪ್ ಇಲ್ಲದ ಕಾರಿನ ಎಡಗಡೆ ಸೀಟು

ಮನುಷ್ಯ ಆಸೆಪಟ್ಟು ಒಂದು ಸಾಮಾನು ತಂದರೆ ಅದು ಅವನನ್ನು ಸುಮ್ಮನೆ ಕೂಡಗೊಡುವುದಿಲ್ಲ. ಅದಕ್ಕೆ ನಾಲ್ಕು ಗಾಲಿ ಇದ್ದರೆ ಊರನ್ನೂ ಸುಮ್ಮನೆ ಕೂಡಗೊಡುವುದಿಲ್ಲ. ನಮ್ಮ ಮನೆಯಲ್ಲಿ ಏಳು ವರ್ಷದಿಂದ ಇಂಥದ್ದು ಏನಾದರೊಂದು ನಡೆಯುತ್ತಲೇ ಇದೆ.

ನಾನು ಕಾಲುವೆ ಇಲಾಖೆಯಲ್ಲಿ ಮೆಕ್ಯಾನಿಕ್ ಆಗಿದ್ದೆ. ಶಹಾಪುರದ ಕಡೆಗೆ ಕೃಷ್ಣೆಯ ನೀರು ಬಂದ ಹೊಸದರಲ್ಲಿ ಸೇರಿ, ತೂಬಿನ ಗೇಟು, ಜೀಪು, ಬುಲ್ಡೋಜರುಗಳ ಹೊಟ್ಟೆಯಲ್ಲಿ ಕೈಹಾಕುತ್ತಲೇ ತಲೆ ಬೆಳ್ಳಗಾಯಿತು. ಆದರೆ ಸರಕಾರಿ ಜೀಪನ್ನು ಎಷ್ಟು ರಿಪೇರಿ ಮಾಡಿದರೂ ಅದು ಸಾಹೇಬರದೇ. ನನ್ನದೂ ಅಂತ ಒಂದು ಗಾಡಿ ಇರಲಿ ಎನಿಸಿತು. ಪುಣೆಯ ಕಡೆಯವರೊಬ್ಬರು ಹಳೆಯ ವಿಲಾಯತಿ ಕಾರಿನ ನಕಲನ್ನು ಬಿಡಿಬಿಡಿಯಾಗಿ ಮಾರುತ್ತಾರೆಂದು ಕೇಳಿ ತರಿಸಿದೆ. ಉದ್ದ ಮೂಗು, ಎರಡೇ ಸೀಟು, ಮೇಲೆ ಟಾಪ್ ಇಲ್ಲ, ಮೈಯೆಲ್ಲ ಫೈಬರ್. ಎಂಜಿನ್ ಗುಜರಿಗೆ ಹೋಗಿದ್ದ ಒಂದು ವ್ಯಾನಿನದು. ಅಡಿಯ ಚೌಕಟ್ಟನ್ನು ಟ್ರ್ಯಾಕ್ಟರ್ ಟ್ರೇಲರ್ ಮಾಡುವವರ ಹತ್ತಿರ ವೆಲ್ಡಿಂಗ್ ಮಾಡಿಸಿದೆ. ಎಲ್ಲ ಸೇರಿಸಿ ಗಾಡಿ ಅನ್ನಿಸಲು ಎರಡು ಬೇಸಿಗೆ ಹಿಡಿಯಿತು.

ಎರಡು ಸೀಟಿನಲ್ಲಿ ಬಲಗಡೆಯದು ನನ್ನದು. ಎಡಗಡೆಯದನ್ನು ನನ್ನ ಹೆಂಡತಿಗೆಂದೇ ಒಳ್ಳೆಯ ರೆಗ್ಜಿನ್ ಹಾಕಿ ಹೊಲಿಸಿದ್ದೆ. ಆಕೆ ಪಕ್ಕದ ಹಳ್ಳಿಯ ಸರಕಾರಿ ಶಾಲೆಯಲ್ಲಿ ಟೀಚರ್. ಗಾಡಿ ತಯಾರಾದ ದಿನ ಹೊರಗೆ ಬಂದಳು, ಸುತ್ತಲೂ ಒಂದು ಸುತ್ತು ಹಾಕಿದಳು, ಸೆರಗು ಸರಿಮಾಡಿಕೊಂಡಳು.

"ಟಾಪಿಲ್ಲದ ಗಾಡ್ಯಾಗ ನಾ ಕೂಡಂಗಿಲ್ರಿ. ನಾನೇನು ಉತ್ಸವಮೂರ್ತಿ ಏನು, ಊರ ಮುಂದ ಮೆರ್ಯಾಕ?"

ಆಕೆ ಒಂದು ಸಲ ಆ ಸೀಟಿನಲ್ಲಿ ಕೂತು "ಚಲೋ ಅದ" ಅನ್ನಬೇಕು. ನನ್ನ ಆಸೆ ಇಷ್ಟೇ ಇತ್ತು. ಆದರೆ ಹಾಳಾದ್ದು ಆಕೆಯ ಬಸ್ಸು ಒಂದು ದಿನವೂ ತಪ್ಪದೆ ಮುಂಜಾನೆ ಸರಿಯಾಗಿ ಬರುತ್ತಿತ್ತು.

೧. ಮ್ಯಾಲಿನ ಭಾಗ

ನನ್ನ ಗಾಡಿ ಪೂರ್ತಿ ಆಗಿದೆಯೆಂದು ಈ ಸೀಮೆಯಲ್ಲಿ ಇನ್ನೂ ಯಾರೂ ಒಪ್ಪಿಲ್ಲ. ಒಮ್ಮೆ ಯಾದಗಿರಿಗೆ ಹೋಗುವಾಗ ಚಹಾದ ಅಂಗಡಿಯ ಮುಂದೆ ನಿಲ್ಲಿಸಿದ್ದೆ. ರಾಮಸಮುದ್ರದ ಹಿರಿಯ ರೈತರೊಬ್ಬರು ಬಂದು ಬಹಳ ಕಾಳಜಿಯಿಂದ ಕೇಳಿದರು.

"ಕಂಪನಿಯವ್ರು ಮ್ಯಾಲಿನ ಭಾಗ ಯಾವಾಗ ಕಳಸ್ತಾರ್ರಿ?"

"ಇದಕ್ಕ ಮ್ಯಾಲಿನ ಭಾಗ ಇರಂಗಿಲ್ರಿ ಯಜಮಾನ್ರ. ಇರೂದ ಹಿಂಗ."

ಅವರು ನನ್ನ ಮುಖವನ್ನು ಕನಿಕರದಿಂದ ನೋಡಿದರು. ಇಷ್ಟು ಓದಿದವನಿಗೂ ಕಂಪನಿಯವರು ಟೋಪಿ ಹಾಕಿದರಲ್ಲ ಎಂಬ ನೋವು ಅವರ ಕಣ್ಣಲ್ಲಿತ್ತು. ಮುಂದಿನ ವಾರ ಅದೇ ಅಂಗಡಿಯ ಹತ್ತಿರ ಟ್ರ್ಯಾಕ್ಟರ್ ನಿಲ್ಲಿಸಿ ನಾಲ್ಕು ಬಿದಿರು ಗಳ, ಮೆಣಸಿನಕಾಯಿ ಒಣಗಿಸುವ ಒಂದು ತಾಡಪತ್ರಿ ಇಳಿಸಿದರು. "ಅವ್ರು ಕಳ್ಸೂತನಕ ಇದನ್ನ ಕಟ್ಟಿಕೊಳ್ರಿ, ಬಿಸಲು ಭಾಳ ಅದ" ಅಂದರು.

ಮನೆಗೆ ತಂದವನಿಗೆ ಒಂದು ಆಸೆ ಹುಟ್ಟಿತು. ವಿಲಾಯತಿ ಅಂದವೆಲ್ಲ ಹಾಳಾಗಿ ಹೋಗಲಿ ಎಂದು ನಾಲ್ಕೂ ಮೂಲೆಗೆ ಗಳ ನಿಲ್ಲಿಸಿ ತಾಡಪತ್ರಿ ಬಿಗಿದು ಹೆಂಡತಿಯನ್ನು ಕರೆದೆ. "ನೋಡು, ಟಾಪ್ ಬಂತು. ಈಗರ ಕೂಡ್ತೀಯಿಲ್ಲೊ?"

ಆಕೆ ದೂರದಿಂದಲೇ ನೋಡಿದಳು. "ಮೊದ್ಲು ತಕ್ಕಡಿ ಎಲ್ಲದ ಹೇಳ್ರಿ. ಬದನಿಕಾಯಿ ಎಷ್ಟಕ್ಕ ಕಿಲೋ?"

೨. ಬಿಡಿಭಾಗ

ಇಂಥ ಗಾಡಿಯನ್ನು ಸಾಕುವುದು ಎಮ್ಮೆ ಸಾಕಿದಂತೆಯೇ. ಕುದುರೆಯಂತೆ ಕಾಣುತ್ತದೆ ಅಷ್ಟೆ. ಒಂದು ದಿನ ಬಾಗಿಲಿನ ಚಿಲಕ ಮುರಿಯಿತು. ಶಹಾಪುರದ ಬಿಡಿಭಾಗದ ಅಂಗಡಿಗೆ ಹೋದೆ.

"ಯಾವ ಗಾಡೀದ್ರಿ?" ಅಂದರು ಅಂಗಡಿಯವರು.

"ವಿಲಾಯತಿ ಗಾಡಿ. ಅದರ ನಕಲು."

"ಅದು ಇರಲಿ. ಚಿಲಕ ಯಾವುದರದ್ದು?"

"ಅಲಮಾರಿದು."

ಅಂಗಡಿಯವರು ಪೆನ್ನು ಕೆಳಗಿಟ್ಟರು. "ಉಳಿದದ್ದು?"

ಮುಂದಿನ ದೀಪ ಬುಲೆಟ್ ಮೋಟರ್‌ಸೈಕಲ್ಲಿನದು, ಹಾರನ್ನು ಟ್ರ್ಯಾಕ್ಟರಿನದು, ವೈಪರ್ ಆಟೋದ್ದು, ನೀರಿನ ಪೈಪು ಪಂಪ್‌ಸೆಟ್ಟಿನದು ಎಂದು ನಾನು ಒಂದೊಂದೇ ಹೇಳಿದೆ. ಅವರು ಎಲ್ಲವನ್ನೂ ಗಂಭೀರವಾಗಿ ಕೇಳಿಕೊಂಡರು.

"ಹಂಗಾದ್ರ ನೀವು ನನ್ನ ಅಂಗಡಿಗಿ ಬರೂದು ಬ್ಯಾಡ್ರಿ. ನಟ್ಟು ಬಿಚ್ಚೂ ಪಾನಾ ಹಿಡಕೊಂಡು ಊರಾಗ ಒಂದು ಸುತ್ತು ಹಾಕ್ರಿ, ಎಲ್ಲಾ ಸಿಗ್ತದ."

ಈ ಮಾತು ಊರೆಲ್ಲ ಹಬ್ಬಿತು, ಉಲ್ಟಾ ಆಗಿ ಹಬ್ಬಿತು. ಮೊದಲ ಮಳೆಯ ದಿನ ನಮ್ಮ ಓಣಿಯ ಆಟೋದವರು ಪಾನಾ ಹಿಡಿದು ನಮ್ಮ ಮನೆಗೆ ಬಂದರು. ನನ್ನ ವೈಪರ್ ಬಿಚ್ಚುತ್ತ ಹೇಳಿದರು: "ನಿಮಗ ಹೆಂಗಿದ್ರೂ ಟಾಪಿಲ್ಲ, ತೊಯ್ಯೂದು ತಪ್ಪಂಗಿಲ್ಲ. ನಮಗರ ಮುಂದಿನ ದಾರಿ ಕಾಣ್ಲಿ."

೩. ಪಾಸಿಂಗ್

ಗಾಡಿಯನ್ನು ಕಾಗದದ ಮೇಲೂ ಗಾಡಿ ಅನ್ನಿಸಲು ಆರ್‌ಟಿಒ ಆಫೀಸಿಗೆ ಪಾಸಿಂಗಿಗೆ ಒಯ್ದೆ. ಪರೀಕ್ಷೆ ಮಾಡುವ ಸಾಹೇಬರು ಒಳ್ಳೆಯವರು, ಆದರೆ ಆಳು ದೊಡ್ಡದು. ಅರ್ಜಿ ಹಿಡಿದು ಕೇಳಿದರು.

"ಗಾಡಿ ವಯಸ್ಸೆಷ್ಟ್ರಿ?"

"ಮಾರಿ ನೋಡಿದ್ರ ಐವತ್ತರ ಮ್ಯಾಲ. ಮೈ ಹೋದ ವರ್ಷದ್ದು. ಎಂಜಿನಿಗೆ ಹದಿನಾಲ್ಕು."

"ಇದರಾಗ ಯಾವುದು ಬರೀಲಿ?"

"ನಿಮಗ ಯಾವುದು ಚಂದ ಕಾಣ್ತದೋ ಅದನ್ನ ಬರೀರಿ."

ಅವರು ನಕ್ಕು, ಸೀಟು ನೋಡೋಣವೆಂದು ಎಡಗಡೆ ಇಳಿದರು. ಹತ್ತಿದರು ಎನ್ನಲು ಬರುವುದಿಲ್ಲ, ಈ ಕಾರಿನಲ್ಲಿ ಇಳಿಯಬೇಕು. ಸೀಟು ನೆಲದಿಂದ ಒಂದು ಗೇಣು ಎತ್ತರ. ನನ್ನ ಹೆಂಡತಿಗೆಂದು ಹೊಲಿಸಿದ ಸೀಟಿನಲ್ಲಿ ಮೊದಲು ಕೂತವರು ಅವರೇ. ಎದ್ದೇಳಲು ನೋಡಿದರು, ಆಗಲಿಲ್ಲ. ನಾನು ಒಂದು ಕೈ ಹಿಡಿದೆ, ಗುಮಾಸ್ತರು ಇನ್ನೊಂದು ಹಿಡಿದರು, ಸರದಿಯಲ್ಲಿದ್ದ ಲಾರಿ ಡ್ರೈವರ್ ಬೆನ್ನಿಗೆ ಹೆಗಲು ಕೊಟ್ಟ. ಕಾರು ಅಲುಗಿತು, ಸಾಹೇಬರು ಅಲುಗಲಿಲ್ಲ. ಕೊನೆಗೆ ಅವರೇ ಉಪಾಯ ಹೇಳಿದರು: "ಹಂಗ ಆಫೀಸ್ ಮುಂದಿನ ಕಟ್ಟಿತನಕ ಹೊಡೀರಿ. ಕಟ್ಟಿ ಹಿಡಕೊಂಡು ಏಳ್ತೀನಿ."

ಕಟ್ಟೆಗೆ ಹೋಗುವ ದಾರಿಯಲ್ಲಿ, ಕೂತಲ್ಲೇ, ತೊಡೆಯ ಮೇಲೆ ಅರ್ಜಿ ಇಟ್ಟುಕೊಂಡು ಷರಾ ಬರೆದರು. ಆ ಕಾಗದ ಇನ್ನೂ ನನ್ನ ಹತ್ತಿರ ಇದೆ: "ಸೀಟು ಭದ್ರವಾಗಿದೆ. ಕುಳಿತವರು ಹೊರಗೆ ಬೀಳುವ ಸಂಭವವಿಲ್ಲ."

೪. ಖಾಲಿ ಸೀಟಿನ ಸಾಹೇಬ

ಒಂದು ರವಿವಾರ ಗಾಡಿಗೆ ಗಾಳಿ ತಾಗಲಿ ಎಂದು ಕಾಲುವೆ ದಂಡೆಯ ದಾರಿ ಹಿಡಿದು ದೇವಾಪುರದ ಕಡೆಗೆ ಹೊರಟೆ. ತಲೆಗೆ ಹ್ಯಾಟು, ಕಣ್ಣಿಗೆ ಕಪ್ಪು ಚಶ್ಮಾ, ಧೂಳಿಗೆ ಮೂಗಿನ ಮೇಲೆ ಕರವಸ್ತ್ರ. ಎರಡೂ ಕಡೆ ಹಸಿರು ಭತ್ತ, ಪಕ್ಕದಲ್ಲಿ ನೀರು. ನಾನು ಆರಾಮವಾಗಿ ಹೋಗುತ್ತಿದ್ದರೆ ನನ್ನ ಮುಂದೆ ಮುಂದೆ ಜನ ಓಡಾಡುತ್ತಿದ್ದರು. ಒಬ್ಬ ಕಾಲುವೆಯಿಂದ ಪೈಪು ಎಳೆದು ಹೊಲದಲ್ಲಿ ಮಲಗಿಸಿದ, ಇನ್ನೊಬ್ಬ ಪೈಪಿನ ಮೇಲೆ ತಾನೇ ಮಲಗಿದ. ಯಾಕೆಂದು ನನಗೆ ತಿಳಿಯಲಿಲ್ಲ. ಕೈಬೀಸಿದೆ, ಅವರು ಕೈಮುಗಿದರು.

ಮೂರು ದಿನದ ಮೇಲೆ ನಮ್ಮ ಇಂಜಿನಿಯರ್ ಸಾಹೇಬರು ಕರೆದು ಒಂದು ಅರ್ಜಿ ಕೈಗಿಟ್ಟರು. ಕಾಲುವೆಯ ತುದಿಯ ರೈತರು ಬರೆದದ್ದು. ಕಾಲುವೆ ಆದಾಗಿನಿಂದ ತುದಿಗೆ ನೀರು ಸರಿಯಾಗಿ ಬಂದದ್ದು ಆ ರವಿವಾರ ಮಾತ್ರ. ಆದಕಾರಣ ಟಾಪಿಲ್ಲದ ಕಾರಿನ ದೊಡ್ಡ ಸಾಹೇಬರನ್ನು ಕಾಯಂ ಆಗಿ ನಮ್ಮ ಕಡೆಗೇ ಹಾಕಬೇಕು ಎಂದಿತ್ತು.

ಮೇಲಿನ ಊರಿನ, ಪೈಪಿನ ಮೇಲೆ ಮಲಗಿದ್ದ ರೈತನೇ ಮುಂದೊಮ್ಮೆ ಸಿಕ್ಕು ಸಂಗತಿ ಬಿಡಿಸಿ ಹೇಳಿದ. "ಕಳುವಿನ ಪೈಪು ಹಿಡ್ಯಾಕ ಜೀಪಿನ್ಯಾಗ ಬರೂ ಸಾಹೇಬ್ರಿಗಿ ನಾವು ಅಂಜಂಗಿಲ್ರಿ, ಚಹಾ ಕುಡ್ಸಿ ಕಳಸ್ತೀವಿ. ನೀವು ನೋಡ್ರಿ, ಒಬ್ಬರ ಬಂದ್ರಿ, ಮಾರಿ ಮುಚ್ಚಿಕೊಂಡು ಬಂದ್ರಿ, ಬಾಜೂಕ ಒಂದ ಸೀಟು ಖಾಲಿ ಇಟಗೊಂಡು ಬಂದ್ರಿ. ಸಿಕ್ಕವನ್ನ ಅದರಾಗ ಹಾಕ್ಕೊಂಡು ಹೋಗಾಕ ಬಂದಾರ ಅಂತ ತಿಳ್ಕೊಂಡ್ವಿ."

ಇದನ್ನು ಮನೆಯಲ್ಲಿ ಹೇಳಿ ನಗಿಸಲು ನೋಡಿದೆ. ಹೆಂಡತಿ ನಗಲಿಲ್ಲ. "ನಾ ಕೂತಿದ್ರ, ನೀರಿನ ಕಳ್ಳಿ ಸಿಕ್ಕಾಳ ನೋಡ್ರಿ ಅಂತಿದ್ರು ಜನಾ."

೫. ಮೆರವಣಿಗೆ

ಈ ವರ್ಷ ಆಕೆಯ ನಿವೃತ್ತಿ ಬಂತು. ನಮ್ಮ ಕಡೆ ಮಾಸ್ತರರು, ಟೀಚರುಗಳು ನಿವೃತ್ತರಾದರೆ ಊರವರು ಗಂಡಹೆಂಡತಿ ಇಬ್ಬರಿಗೂ ಶಾಲು ಹೊದಿಸಿ, ಮಾಲೆ ಹಾಕಿ, ಹಲಗೆ ಬಾರಿಸುತ್ತ ತೆರೆದ ಗಾಡಿಯಲ್ಲಿ ಮೆರವಣಿಗೆ ಮಾಡುತ್ತಾರೆ. ಸಾಮಾನ್ಯವಾಗಿ ಟ್ರ್ಯಾಕ್ಟರ್ ಟ್ರೇಲರ್. ನಾನು ಒಂದು ವಾರ ಮೊದಲೇ ಶಾಲೆಯ ಕಮಿಟಿ ಅಧ್ಯಕ್ಷರನ್ನು ಗುಟ್ಟಾಗಿ ಕಂಡು ನನ್ನ ಕಾರು ಕೊಡುತ್ತೇನೆಂದು ಹೇಳಿ ಬಂದೆ. ಇಪ್ಪತ್ತೆರಡು ವರ್ಷ ಪಾಠ ಹೇಳಿದ ಊರಿನ ಮಾತನ್ನು ಆಕೆ ಮೀರುವವಳಲ್ಲ.

ಅಂದು ಶಾಲೆಯ ಮುಂದೆ ಚೆಂಡುಹೂವಿನಲ್ಲಿ ಮುಚ್ಚಿದ ಕಾರನ್ನು ಕಂಡು ಆಕೆ ನನ್ನ ಕಡೆ ತಿರುಗಿದಳು. "ಇದು ನಿಮ್ದ ಕಿತಾಪತಿ."

"ಊರವ್ರದ್ದು" ಅಂದೆ.

ಆಕೆ ಇಳಿದು ಎಡಗಡೆ ಕೂತಳು. ಏಳು ವರ್ಷ! ತಲೆಗೆ ಪೇಟಾ, ಕೊರಳಲ್ಲಿ ಮಾಲೆ ಹಾಕಿಸಿಕೊಂಡು ಬಲಗಡೆ ಕೂತು ಕೀಲಿ ತಿರುಗಿಸಿದೆ. ಊರ ಹಿರಿಯರೊಬ್ಬರು ಕೋಲು ಅಡ್ಡ ಹಿಡಿದರು.

"ಇದೇನ್ರಿ? ಸನ್ಮಾನ ಮಾಡಿಸಿಕೊಂಡವ್ರು ತಮ್ಮ ಗಾಡಿ ತಾವ ಹೊಡಕೊಂಡು ಹೋದ್ರ ಅದು ಮೆರವಣಿಗಿ ಹೆಂಗಾಗ್ತದ? ಮನಿಗಿ ಹೋಗೂದು ಆಗ್ತದ!"

ಜನರೆಲ್ಲ ಖರೆ ಅಂದರು. ಡ್ರೈವರನನ್ನು ಕೂಡಿಸಿದರೆ ಗಂಡನಿಗೆ ಜಾಗವಿಲ್ಲ, ಗಂಡನನ್ನು ಇಳಿಸಿದರೆ ಜೋಡಿ ಮುರಿಯುತ್ತದೆ. ಅರ್ಧ ತಾಸು ಪಂಚಾಯಿತಿ ನಡೆಯಿತು. ಕಡೆಗೆ ಆ ಹಿರಿಯರೇ ತಮ್ಮ ಜೋಡಿ ಎತ್ತು ತರಿಸಿ, ಕೋಡಿಗೆ ರಿಬ್ಬನ್ ಕಟ್ಟಿ, ಕಾರಿನ ಮೂಗಿಗೆ ಹಗ್ಗ ಬಿಗಿಸಿದರು. "ಎಂಜಿನ್ ಬಂದ್ ಮಾಡ್ರಿ, ಎತ್ತು ಬೆದರ್ತಾವ."

ಎರಡು ಬೇಸಿಗೆ ಬೆವರು ಸುರಿಸಿ ಕೂಡಿಸಿದ ಎಂಜಿನನ್ನು ಬಂದ್ ಮಾಡಿ ಕೂತೆ. ಹಲಗೆ ಬಡಿದವು, ಕಾರು ಹೊರಟಿತು. ಆಕೆಯ ಹತ್ತಿರ ಕಲಿತವರು, ಅವರ ಮಕ್ಕಳು, ಮನೆಮನೆಯ ಮುಂದೆ ಆರತಿ ಹಿಡಿದ ಹೆಣ್ಣುಮಕ್ಕಳು. ಆಕೆ ಕಣ್ಣೊರೆಸಿಕೊಳ್ಳುತ್ತ ಎಲ್ಲರ ಹೆಸರು ಹಿಡಿದು ಮಾತಾಡಿಸುತ್ತಿದ್ದಳು. ನನಗೆ ಮೆಲ್ಲಗೆ ಗದರಿದಳು: "ಕೈ ಮುಗೀರಿ, ಎಲ್ಲಾರೂ ನೋಡಾಕತ್ತಾರ."

"ಸ್ಟೇರಿಂಗ್ ಯಾರು ಹಿಡೀಬೇಕು?"

"ತಗೀರಿ ಕೈ" ಅಂದವಳೇ ಬಲಗೈಯಲ್ಲಿ ಸ್ಟೇರಿಂಗ್ ಹಿಡಿದಳು, ಎಡಗೈ ಎತ್ತಿ ಜನರಿಗೆ ತೋರಿಸಿದಳು. ನಾನು ಎರಡೂ ಕೈ ಮುಗಿದು, ಎತ್ತಿನ ಹಿಂಗಾಲಿಗೆ ಕಾರು ತಾಗದಂತೆ ಬ್ರೇಕಿನ ಮೇಲೆ ಕಾಲಿಟ್ಟು ಕೂತೆ. ಇಡೀ ಊರು ಸುತ್ತಿಸಿದಳು, ಒಂದು ಕಡೆಯೂ ಗೋಡೆಗೆ ತಾಗಿಸಲಿಲ್ಲ.

ಮೆರವಣಿಗೆ ಮುಗಿದು ಹಲಗೆ ನಿಂತವು. ಆಕೆ ಇಳಿಯಲಿಲ್ಲ. ಸೀಟಿನ ಮೇಲೆ ಕೈಯಾಡಿಸಿ ಅಂದಳು: "ಚಲೋ ಅದರಿ ಗಾಡಿ."

ನಾನು ಪೇಟಾ ತೆಗೆಯುತ್ತ ಕೇಳಿದೆ: "ಮತ್ತ ಇಷ್ಟು ವರ್ಷ ಟಾಪಿಲ್ಲ ಅಂತ ಯಾಕ ಕೂಡಲಿಲ್ಲ?"

"ಟಾಪಿಂದು ಏನೂ ಇಲ್ರಿ. ನೀವು ಹೊಡ್ಯೂದು ನೋಡಿದ್ರ ಎದಿ ಝಲ್ಲ ಅಂತಿತ್ತು. ಗಂಡಗ ಹಂಗ ಹೆಂಗ ಅನ್ನೂದು, ಅದಕ್ಕ ಟಾಪಿನ ಮ್ಯಾಲ ಹಾಕಿದ್ದೆ. ಇಷ್ಟು ಮೆತ್ತಗ ಹೋಗ್ತದಂತ ಗೊತ್ತಿದ್ರ ಎಂದೋ ಕೂಡ್ತಿದ್ದೆ."

ಎಂಜಿನ್ ಚಾಲೂ ಇರಲಿಲ್ಲ ಎಂದು ಹೇಳಲು ಬಾಯಿ ತೆರೆದೆ. ಆಕೆಯ ಮುಖ ನೋಡಿ ಮುಚ್ಚಿದೆ. ಇಂಥ ಹೊತ್ತು ಮತ್ತೆ ಸಿಗುವುದಿಲ್ಲವೆಂದು ಧೈರ್ಯಮಾಡಿ ಕೇಳಿದೆ: "ಹಂಗಾದ್ರ ಸೋಮವಾರ ಇದರಾಗ ಕೊಡೇಕಲ್ ಗುಡಿಗಿ ಹೋಗಿ ಕಾಯಿ ಒಡಿಸಿಕೊಂಡು ಬರೂಣೇನು?"

"ಹೋಗೂಣಲ್ರಿ" ಅಂದಳು. "ಅವತ್ತು ಎತ್ತು ಖಾಲಿ ಅದಾವೇನು, ಆ ಹಿರ್ಯಾರಿಗಿ ಈಗ ಕೇಳಿ ಇಟಗೊಳ್ರಿ."