ಮಂಚಕ್ಕೊಂದು ಚಪ್ಪರ

ತೀರ್ಥಪ್ರಸಾದ್ ಆ ಫೋಟೋ ನೋಡಿ ‘ಹೂಂ’ ಎಂದು ಸುಮ್ಮನಾಗಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ.

ಫೋಟೋ ಹಾಕಿದವಳು ಅವನ ಹೆಂಡತಿ ಸರೋಜಳ ತಂಗಿ ದಿವ್ಯ. ಗಂಡ ಅಭಿಲಾಷನ ಜೊತೆ ಕುಶಾಲನಗರದಲ್ಲಿ ಹೊಸ ಮನೆ ಕಟ್ಟಿಸಿ ಆರು ತಿಂಗಳಾಗಿತ್ತು ಅವಳಿಗೆ. ಕುಟುಂಬದ ವಾಟ್ಸಾಪ್ ಗುಂಪಿಗೆ ಬಂದ ಚಿತ್ರದಲ್ಲಿ ಅವಳು ಕಾಫಿ ಲೋಟ ಹಿಡಿದು ಮಂಚದ ಮೇಲೆ ಕೂತಿದ್ದಳು. ಮಂಚದ ನಾಲ್ಕು ಮೂಲೆಗೂ ಕಂಬ, ಕಂಬಗಳ ಮೇಲೆ ಚೌಕಟ್ಟು, ಚೌಕಟ್ಟಿನಿಂದ ಇಳಿಬಿದ್ದ ಬಿಳಿ ಪರದೆ. ಕೆಳಗೆ ‘ಗುಡ್ ಮಾರ್ನಿಂಗ್’ ಎಂದಷ್ಟೇ ಬರೆದಿತ್ತು.

“ಲಾಯ್ಕ ಉಂಟಲ್ಲ?” ಎಂದು ಸರೋಜ ಫೋನನ್ನು ಗಂಡನ ಮೂಗಿನ ಹತ್ತಿರ ಹಿಡಿದಳು.

“ಉಂಟು, ಉಂಟು. ಹೆಣ ಸಾಗಿಸುವ ವ್ಯಾನಿನ ಹಾಗೆ ಉಂಟು.”

ತೀರ್ಥಪ್ರಸಾದ್ ಪಶು ಆಸ್ಪತ್ರೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಅಟೆಂಡರ್. ಹಸುಗಳ ಮುಂದೆ ಮನಸ್ಸಿಗೆ ಬಂದದ್ದನ್ನು ಹೇಳಿದರೆ ಅವು ಬೇಸರ ಮಾಡಿಕೊಳ್ಳುವುದಿಲ್ಲ. ಅದೇ ಅಭ್ಯಾಸ ಮನೆಗೂ ಬಂದಿತ್ತು.

ಸರೋಜ ನಾಲ್ಕು ದಿನ ಮಾತಾಡಲಿಲ್ಲ. ಊಟ ತಿಂಡಿಗೆ ಕೊರತೆಯಿರಲಿಲ್ಲ. ಎಲ್ಲ ಹೊತ್ತಿಗೆ ಸರಿಯಾಗಿ ಮೇಜಿನ ಮೇಲೆ ಬಂದು ಕೂರುತ್ತಿತ್ತು. ಅದೇ ಅವನಿಗೆ ಹೆಚ್ಚು ಭಯ ಹುಟ್ಟಿಸಿತು. ಐದನೆಯ ದಿನ ಬೆಳಿಗ್ಗೆ, ಚೇರಂಬಾಣೆಯಲ್ಲಿ ಸ್ತ್ರೀಶಕ್ತಿ ಸಂಘದ ಮೀಟಿಂಗಿಗೆ ಹೊರಟವಳು ಚಪ್ಪಲಿ ಮೆಟ್ಟುತ್ತಾ ಬಾಯಿ ತೆರೆದಳು.

“ದಿವ್ಯ, ಅಭಿಲಾಷ್ ಇಬ್ಬರೂ ಭಾಗಮಂಡಲಕ್ಕೆ ಹೋಗಿದ್ದಾರೆ. ವಾಪಸ್ ಬರುವಾಗ ಮೂರು ಗಂಟೆಗೆ ಇಲ್ಲಿಗೆ ಬರ್ತಾರಂತೆ. ನಾನೂ ಅವರ ಕಾರಲ್ಲೇ ಬರ್ತೇನೆ. ನೀವು ಮಲಗುವ ಕೋಣೆಯ ಬಾಗಿಲು ಹಾಕಿಡಿ.”

“ಯಾಕೆ?”

“ಅವಳು ನಮ್ಮ ಮಂಚ ನೋಡೂದು ಬೇಡ.”

ಕೋಪದಿಂದ ಹೇಳಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಅವಳು ಮೆಲ್ಲಗೆ, ತಲೆಯೆತ್ತದೆ ಹೇಳಿದಳು. ಬಸ್ಸು ಅವಳನ್ನು ಹತ್ತಿಸಿಕೊಂಡು ತಿರುವು ದಾಟುವ ಮೊದಲೇ ತೀರ್ಥಪ್ರಸಾದ್ ಆಸ್ಪತ್ರೆಗೆ ಫೋನ್ ಮಾಡಿ ಒಂದು ದಿನದ ರಜೆ ಹೇಳಿಬಿಟ್ಟಿದ್ದ.

ನಾಪೋಕ್ಲು ಪೇಟೆಯಲ್ಲಿ ಪ್ಲಾಸ್ಟಿಕ್ ಕುರ್ಚಿಯಿಂದ ಹಿಡಿದು ದೇವರ ಮಂಟಪದವರೆಗೆ ಎಲ್ಲ ಮಾರುವ ಒಂದು ಅಂಗಡಿಯಿದೆ. ಅಲ್ಲಿ ನಿಂತು, ಅತ್ತಿತ್ತ ನೋಡಿ, ದನಿ ತಗ್ಗಿಸಿ ಕೇಳಿದ.

“ಮಂಚಕ್ಕೆ ಹಾಕುವ ಚಪ್ಪರ ಉಂಟಾ?”

“ಮಂಚಕ್ಕೆ ಚಪ್ಪರವಾ?” ಅಂಗಡಿಯವನ ದನಿ ಎದುರಿನ ಹೋಟೆಲಿಗೂ ಕೇಳಿಸಿತು. “ಯಾರಿಗೆ ಮದುವೆ?”

“ಮದುವೆ ಇಲ್ಲ ಮಾರಾಯ. ನಾಲ್ಕು ಕಂಬ, ಮೇಲೆ ಪರದೆ, ಹಾಗೆ.”

“ಓಹೋ, ಅದಾ! ಒಂದು ಸೆಟ್ ಉಂಟು. ಯಾರೋ ತರಿಸಿ ಬೇಡ ಅಂದದ್ದು. ಅರ್ಧ ಬೆಲೆಗೆ ಕೊಡ್ತೇನೆ, ತೆಗೆದುಕೊಂಡು ಹೋಗಿ.”

“ಅವರು ಯಾಕೆ ಬೇಡ ಅಂದ್ರು?”

“ಅವರ ಮನಸ್ಸಲ್ಲಿ ಇರೂದು ನಂಗೆ ಹೇಗೆ ಗೊತ್ತು? ನಿಮ್ಮ ಮನಸ್ಸಲ್ಲಿ ಇರೂದು ಹೇಳಿ.”

ತೀರ್ಥಪ್ರಸಾದನ ಮನಸ್ಸಿನಲ್ಲಿ ಇದ್ದದ್ದು ಮೂರು ಗಂಟೆ. ಹನ್ನೆರಡು ಪೈಪುಗಳ ಕಟ್ಟನ್ನು ಹೆಗಲಿಗೇರಿಸಿಕೊಂಡು ಬಸ್ಸು ಹತ್ತಿದ. ಪೈಪಿನ ಒಂದು ತುದಿ ಡ್ರೈವರನ ಕಿವಿಯ ಹತ್ತಿರ, ಇನ್ನೊಂದು ತುದಿ ಹಿಂದಿನ ಸೀಟಿನ ಮುದುಕಿಯ ಎಲೆಯಡಿಕೆ ಚೀಲದೊಳಗೆ. ಅದು ಕೋಳಿಗೂಡಿಗೆ ಎಂದು ಒಬ್ಬ, ಟೊಮೆಟೊ ಬಳ್ಳಿಗೆ ಎಂದು ಇನ್ನೊಬ್ಬ ವಾದಿಸಿದರು. ಕೋಳಿಗೂಡಿಗೆ ಪೈಪು ದಂಡ, ಬಿದಿರೇ ಸಾಕು ಎಂದು ಮುದುಕಿ ತೀರ್ಪು ಕೊಟ್ಟಳು. ತೀರ್ಥಪ್ರಸಾದ್ ಮನೆ ಬರುವವರೆಗೂ ಕೋಳಿ ಸಾಕುವವನಾಗಿಯೇ ಉಳಿದ.

ಮನೆಯಲ್ಲಿ ಕಟ್ಟು ಬಿಚ್ಚಿದಾಗ ಒಂದು ಕಾಗದ ಸಿಕ್ಕಿತು. ಅದರಲ್ಲಿ ಓದುವ ಅಕ್ಷರವೇ ಇರಲಿಲ್ಲ, ಬರಿಯ ಚಿತ್ರ. ಮೊದಲ ಚಿತ್ರದಲ್ಲಿ ಒಬ್ಬ ಮನುಷ್ಯ ಪೈಪು ಹಿಡಿದು ನಗುತ್ತಿದ್ದ. ಆರನೆಯ ಚಿತ್ರದಲ್ಲಿ ಚಪ್ಪರದ ಕೆಳಗೆ ನಿಂತು ನಗುತ್ತಿದ್ದ. ನಡುವೆ ಅವನು ಏನು ಮಾಡಿದ ಎಂಬುದು ಮಾತ್ರ ತಿಳಿಯುವಂತಿರಲಿಲ್ಲ.

ಕಿಟಕಿಯ ಸರಳಿನ ಆಚೆ ಒಂದು ಮುಖ ಮೂಡಿತು. ಪಕ್ಕದ ಮನೆಯ ಕೀರ್ತಿಕುಮಾರ್. ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್ ಆಗಿ ನಿವೃತ್ತನಾದವನು. ನಿವೃತ್ತಿಯ ನಂತರ ಊರಿನ ಎಲ್ಲ ಕೆಲಸಕ್ಕೂ ಹೊರಗಿನಿಂದ ನಿರ್ದೇಶನ ಕೊಡುವುದನ್ನು ಹಚ್ಚಿಕೊಂಡಿದ್ದ.

“ಎಂತ ತೀರ್ಥಣ್ಣ, ಕಂಬ ನಿಲ್ಲಿಸೂದಾ? ಮೂವತ್ತು ವರ್ಷ ಅದನ್ನೇ ಮಾಡಿದವ ನಾನು. ಹೇಳಿದ ಹಾಗೆ ಮಾಡಿ.”

“ಒಳಗೆ ಬಂದು ಒಂದು ಕೈ ಕೊಡಿ.”

“ಒಳಗೆ ಬಂದ್ರೆ ನೇರ ಉಂಟಾ ಸೊಟ್ಟ ಉಂಟಾ ಅಂತ ಕಾಣೂದಿಲ್ಲ. ಇಲ್ಲಿಂದಲೇ ಸರಿ.”

ಹಿಂದೆಯೇ ಗುರುಸಿದ್ದಮ್ಮ ಟೀಚರ್ ಬಂದರು. ಶಿರಂಗಾಲದ ಕಡೆಯವರು, ಈ ಊರಿನ ಶಾಲೆಗೆ ಬಂದು ಇಲ್ಲೇ ನಿಂತವರು. ತೀರ್ಥಪ್ರಸಾದನಿಗೆ ಮೂರನೆಯ ಕ್ಲಾಸಿನಲ್ಲಿ ಮಗ್ಗಿ ಹೇಳಿಕೊಟ್ಟವರು.

“ಏನಪ್ಪಾ ಮಾಡ್ತಿದೀಯಾ?”

“ಮಂಚಕ್ಕೆ ಚಪ್ಪರ, ಟೀಚರ್.”

“ಮೊದಲು ಅಳತೆ ತಗೊಂಡ್ಯಾ?”

ತಗೊಂಡಿರಲಿಲ್ಲ. ಮೂರನೆಯ ಕ್ಲಾಸಿನಲ್ಲಿ ನಿಂತ ಹಾಗೆ ಅವನು ತಲೆ ತಗ್ಗಿಸಿದ.

ಪೈಪುಗಳ ವ್ಯವಸ್ಥೆ ಸರಳವಾಗಿತ್ತು. ಒಂದನ್ನು ಇನ್ನೊಂದರೊಳಗೆ ತೂರಿಸಿದರೆ, ಒಳಗಿನ ಸ್ಪ್ರಿಂಗಿನ ಗುಂಡಿ ಹೊರಗಿನ ರಂಧ್ರದಲ್ಲಿ ‘ಟಕ್’ ಎಂದು ಕೂರುತ್ತದೆ. ತಲೆಯ ಕಡೆಯ ಎರಡು ಕಂಬ ಗೋಡೆಗೆ ಒತ್ತಿ ನಿಂತವು. ಮೇಲಿನ ಉದ್ದದ ಪೈಪುಗಳೂ ಕೂತವು, ಅಟ್ಟದ ಹಲಗೆಗೆ ಒಂದು ಬೆರಳಿನ ಅಂತರದಲ್ಲಿ. ಕಾಲಿನ ಕಡೆಗೆ ಬಂದಾಗ ಎಡವಟ್ಟಾಯಿತು. ಚಪ್ಪರ ಮಂಚಕ್ಕಿಂತ ಒಂದು ಮೊಳ ಉದ್ದವಿತ್ತು, ಕಂಬ ನಿಲ್ಲಬೇಕಾದ ಜಾಗದಲ್ಲಿ ಒಳಮುಖವಾಗಿ ತೆರೆದ ಬಾಗಿಲಿತ್ತು.

“ಬಾಗಿಲು ಹಾಕಿಕೊಳ್ಳಿ ತೀರ್ಥಣ್ಣ,” ಎಂದ ಕೀರ್ತಿಕುಮಾರ್. “ಜಾಗ ತಾನಾಗಿ ಸಿಗ್ತದೆ.”

ತೀರ್ಥಪ್ರಸಾದ್ ಬಾಗಿಲು ಹಾಕಿದ. ಜಾಗ ಸಿಕ್ಕಿತು. ಕಂಬ ನಿಂತಿತು. ಕೊನೆಯ ಅಡ್ಡ ಪೈಪನ್ನು ತೂರಿಸಿ ಅಂಗೈಯಿಂದ ಗುದ್ದಿದ.

ಟಕ್.

“ಶಭಾಷ್!” ಎಂದು ಕೀರ್ತಿಕುಮಾರ್ ಚಪ್ಪಾಳೆ ತಟ್ಟಿದ.

“ಈಗ ಹೇಗಪ್ಪಾ ಹೊರಗೆ ಬರ್ತೀಯಾ?” ಎಂದರು ಗುರುಸಿದ್ದಮ್ಮ.

ತೀರ್ಥಪ್ರಸಾದ್ ಬಾಗಿಲು ಎಳೆದ. ಅದು ನಾಲ್ಕು ಬೆರಳು ತೆರೆದು, ಕಂಬಕ್ಕೆ ತಾಗಿ ನಿಂತಿತು. ಚಪ್ಪರವನ್ನು ಹಿಂದಕ್ಕೆ ತಳ್ಳಲು ಗೋಡೆ ಬಿಡಲಿಲ್ಲ, ಪಕ್ಕಕ್ಕೆ ಸರಿಸಲು ಬೀರು ಬಿಡಲಿಲ್ಲ, ಮೇಲಕ್ಕೆತ್ತಲು ಅಟ್ಟ ಬಿಡಲಿಲ್ಲ. ಪೈಪನ್ನೇ ಬಿಚ್ಚೋಣವೆಂದರೆ ಗುಂಡಿ ರಂಧ್ರದೊಳಗೆ ಆಳವಾಗಿ ಕೂತಿತ್ತು. ಬೆರಳಿನಿಂದ ಒತ್ತಿದ, ಉಗುರು ಮುರಿಯಿತು.

“ಬಿಡಿ, ಅದು ಕಂಪೆನಿ ಲಾಕ್,” ಎಂದ ಕೀರ್ತಿಕುಮಾರ್. “ಒಮ್ಮೆ ಕೂತದ್ದು ಮತ್ತೆ ಏಳೂದಿಲ್ಲ.”

ಮೂವತ್ತು ವರ್ಷ ಕಂಬ ಹತ್ತಿದವನ ಮಾತು. ತೀರ್ಥಪ್ರಸಾದ್ ಗುಂಡಿಯನ್ನು ಬಿಟ್ಟುಬಿಟ್ಟ.

ಸುದ್ದಿ ಹರಡಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಹನ್ನೆರಡೂವರೆಯ ಬಸ್ಸಿಗೆ ಕಾಯುತ್ತಿದ್ದವರು ಬಸ್ಸು ಬಿಟ್ಟು ಕಿಟಕಿಗೆ ಬಂದರು. ಗುರುಸಿದ್ದಮ್ಮ ಅಕ್ಕಿರೊಟ್ಟಿಯನ್ನು ಚೂರು ಮಾಡಿ ಸರಳಿನ ನಡುವೆ ಒಂದೊಂದಾಗಿ ಕೊಟ್ಟರು. ಕಾಫಿ ತೋಟದ ಕೂಲಿಯವರ ಲೈನ್ ಮನೆಯಿಂದ ಬಂದ ಮಾರಿ ಮಾತ್ರ ಏನೋ ವಿಚಿತ್ರವಾದದ್ದು ನಡೆದಿದೆ ಎಂದುಕೊಳ್ಳಲಿಲ್ಲ. ಪಶು ಆಸ್ಪತ್ರೆಯವರು ಕಿಟಕಿಯಲ್ಲಿ ಕೂತಿದ್ದಾರೆ, ಹಾಗಾದರೆ ಇದು ಹೊಸ ಕೌಂಟರ್ ಇರಬೇಕು.

“ಅಣ್ಣ, ಹಸು ಎರಡು ದಿನದಿಂದ ಹುಲ್ಲು ಮುಟ್ತಾ ಇಲ್ಲ.”

“ಹೊಟ್ಟೆ ಉಬ್ಬಿದೆಯಾ?”

“ಸ್ವಲ್ಪ.”

“ನಡೆದಾಡಿಸು. ಕಟ್ಟಿಹಾಕಬೇಡ. ಕಟ್ಟಿಹಾಕಿದರೆ ಯಾವ ಪ್ರಾಣಿಗೂ ಒಳ್ಳೆಯದಲ್ಲ. ಸಂಜೆಯೊಳಗೆ ಡಾಕ್ಟರಿಗೆ ಫೋನ್ ಮಾಡು,” ಎಂದ ತೀರ್ಥಪ್ರಸಾದ್, ಮನಃಪೂರ್ವಕವಾಗಿ.

ಒಳಗಿದ್ದವನಿಗೆ ಬೇರೆ ಕೆಲಸವಿಲ್ಲದ್ದರಿಂದ ಪರದೆಯನ್ನೂ ಕಟ್ಟಿದ. ನೋಡಿದರೆ, ನಿಜವಾಗಿಯೂ ಚೆನ್ನಾಗಿತ್ತು. ಹಳೆಯ ಮಂಚ ಯಾವುದೋ ರಾಜಮನೆತನಕ್ಕೆ ಸೊಸೆಯಾಗಿ ಹೋದಂತೆ ಕಾಣುತ್ತಿತ್ತು. ಸರೋಜ ಇದನ್ನು ನೋಡುವ ಗಳಿಗೆಯನ್ನು ನೆನೆದು ಅವನಿಗೆ ಉಗುರಿನ ನೋವೂ ಮರೆತುಹೋಯಿತು.

ಒಂದೂವರೆಗೆ ಕೀರ್ತಿಕುಮಾರ್ ಮರಗೆಲಸದ ಮುತ್ತನನ್ನು ಕರೆತಂದ. ಮುತ್ತ ಗೋಣಿಚೀಲದಿಂದ ಗರಗಸ ತೆಗೆದು, ಬಾಗಿಲ ಸಂದಿಯಲ್ಲಿ ಒಂದು ಕಣ್ಣಿಟ್ಟು ನೋಡಿದ. ಮಾತು ಕಡಿಮೆಯ ಮನುಷ್ಯ.

“ಯಾವುದು ಕೊಯ್ಯೂದು? ಪೈಪಾ, ಬಾಗಿಲಾ?”

ಬಾಗಿಲು ಅಜ್ಜ ಮಾಡಿಸಿದ್ದು. ಒಂದೇ ಹಲಸಿನ ಮರದ್ದು, ಸೂರ್ಯನ ಚಿತ್ರ ಕೆತ್ತಿದ್ದು. ಪೈಪು ಬೆಳಿಗ್ಗೆ ಅರ್ಧ ಬೆಲೆಗೆ ತಂದದ್ದು.

“ಪೈಪು ಕೊಯ್ಸೋ, ಬುದ್ಧಿ ಇದ್ರೆ,” ಎಂದರು ಗುರುಸಿದ್ದಮ್ಮ.

“ಪೈಪು ಕೊಯ್ದ್ರೆ ಚಪ್ಪರ ಹೋಯ್ತಲ್ಲ,” ಎಂದ ಕೀರ್ತಿಕುಮಾರ್. ಬಾಗಿಲು ಅವನದ್ದಾಗಿರಲಿಲ್ಲ.

ತೀರ್ಥಪ್ರಸಾದನ ಕಣ್ಣ ಮುಂದೆ ತಲೆಯೆತ್ತದೆ ಚಪ್ಪಲಿ ಮೆಟ್ಟುತ್ತಿದ್ದ ಸರೋಜ ಬಂದಳು.

“ಬಾಗಿಲು ಕೊಯ್ಯಿ ಮುತ್ತ,” ಎಂದ.

ಹಲಸಿನ ಮರ ಸುಲಭಕ್ಕೆ ಬಗ್ಗಲಿಲ್ಲ. ಒಂದು ಗಂಟೆ ಗರಗಸ ಕಿರುಗುಟ್ಟಿತು. ಕೊನೆಗೆ ಬಾಗಿಲಿನ ಕೆಳಗಿನ ಅರ್ಧ ದೊಪ್ಪೆಂದು ಹೊರಗೆ ಬಿತ್ತು. ತೀರ್ಥಪ್ರಸಾದ್ ಮೊದಲು ಕೈ, ಆಮೇಲೆ ತಲೆ ತೂರಿಸಿದ, ಭುಜದಲ್ಲಿ ಸಿಕ್ಕಿಕೊಂಡ. ಕೀರ್ತಿಕುಮಾರ್, ಮುತ್ತ ಇಬ್ಬರೂ ಎಳೆದರು. ಇಪ್ಪತ್ತೆರಡು ವರ್ಷಗಳಲ್ಲಿ ಎಷ್ಟೋ ಕರುಗಳನ್ನು ಹೀಗೆ ಎಳೆದವನು, ಕರುವಿನ ಕಡೆಯಿಂದ ಅದು ಹೇಗಿರುತ್ತದೆ ಎಂಬುದನ್ನು ಅಂದು ಮೊದಲ ಬಾರಿಗೆ ತಿಳಿದ.

ಮೈಮೇಲಿನ ಮರದ ಪುಡಿ ಕೊಡವಿಕೊಳ್ಳುವಷ್ಟರಲ್ಲಿ ಅಂಗಳದಲ್ಲಿ ಕಾರು ನಿಂತಿತು.

ಸರೋಜ ಮೊದಲು ಕಿಟಕಿಯ ಗುಂಪು ನೋಡಿದಳು. ಆಮೇಲೆ ಗಂಡನನ್ನು. ಆಮೇಲೆ ಅರ್ಧ ಬಾಗಿಲನ್ನು. ಅವಳ ಬಾಯಿ ತೆರೆಯಿತು. ಅದರಿಂದ ಏನು ಹೊರಬರುತ್ತಿತ್ತೋ, ಅಷ್ಟರಲ್ಲಿ ದಿವ್ಯ ಹಿಂದಿನಿಂದ ಬಂದಳು.

“ಅಕ್ಕಾ, ಬಾಗಿಲಿಗೆ ಎಂತ ಆದದ್ದು?”

“ಎಂತ ಇಲ್ಲ,” ಎಂದಳು ಸರೋಜ, ಉಗುಳು ನುಂಗಿ. “ಗಾಳಿ ಆಡ್ಲಿ ಅಂತ ನಾವೇ ಮಾಡಿಸಿದ್ದು. ಈಗ ಎಲ್ಲ ಕಡೆ ಹೀಗೇ ಅಲ್ವಾ.”

ದಿವ್ಯ ಬಗ್ಗಿ ಒಳಗೆ ನುಸುಳಿದಳು. ಸರೋಜಳೂ ಸೆರಗು ಸೊಂಟಕ್ಕೆ ಸಿಕ್ಕಿಸಿ ನುಸುಳಿದಳು. ತೀರ್ಥಪ್ರಸಾದ್ ಉಸಿರು ಬಿಗಿಹಿಡಿದು ಹೊರಗೆ ನಿಂತ. ಕಿಟಕಿಯ ಗುಂಪೂ ಉಸಿರು ಬಿಗಿಹಿಡಿಯಿತು.

“ಅಯ್ಯೋ ಅಕ್ಕಾ! ಎಷ್ಟು ಚಂದ!” ದಿವ್ಯಳ ದನಿ ಕೇಳಿಸಿತು. “ನೀ ನಂಗೆ ಹೇಳ್ಲೇ ಇಲ್ಲ!”

“ಹೇಳೂದೆಂತ,” ಎಂದಳು ಸರೋಜ. ಅವಳೂ ಅದನ್ನು ಕಾಣುತ್ತಿದ್ದುದು ಅದೇ ಮೊದಲು. “ನಿನ್ನದರಷ್ಟು ದೊಡ್ಡದೇನಲ್ಲ.”

“ನನ್ನದಾ? ನನ್ನದು ಎಲ್ಲುಂಟು? ಆ ಫೋಟೋ ನೋಡಿ ಹೇಳ್ತಾ ಇದ್ದೀಯಾ? ಅದು ಹಾರಂಗಿ ಹತ್ತಿರದ ಹೋಂಸ್ಟೇ ಅಕ್ಕಾ. ನಾವು ಒಂದು ದಿನ ಹೋಗಿದ್ದು. ಮನೆಯಲ್ಲಿ ನಾವು ನೆಲಕ್ಕೆ ಹಾಸಿಗೆ ಹಾಕಿ ಮಲಗೂದು. ಮನೆ ಕಟ್ಟಿದ ಮೇಲೆ ಮಂಚ ತೆಗೆದುಕೊಳ್ಳಲಿಕ್ಕೆ ಎಲ್ಲಿ ಆಯ್ತು?” ದಿವ್ಯಳ ದನಿ ಸಣ್ಣದಾಯಿತು. “ಹೀಗೊಂದು ಬೇಕು ಅಂತ ನಂಗೆ ತುಂಬ ಆಸೆ. ಇವರ ಹತ್ತಿರ ಹೇಳಿದ್ರೆ ನಗ್ತಾರೆ.”

ತೀರ್ಥಪ್ರಸಾದ್ ಅರ್ಧ ಬಾಗಿಲಿನಿಂದ ಇಣುಕಿದ. ಸರೋಜ ಮಂಚದ ಮೇಲೆ ನೆಟ್ಟಗೆ ಕೂತಿದ್ದಳು. ಐದು ದಿನದಿಂದ ಬಾಡಿದ್ದ ಮುಖ ಹೊಳೆಯುತ್ತಿತ್ತು. ಮದುವೆಯಾದ ಮೇಲೆ ಆ ಮುಖವನ್ನು ಅಷ್ಟು ಚಂದವಾಗಿ ಅವನು ಕಂಡದ್ದು ನೆನಪಿರಲಿಲ್ಲ. ‘ಗೆದ್ದೆ’ ಎಂದುಕೊಂಡ.

“ಅಷ್ಟೇ ಅಲ್ವಾ?” ಎಂದಳು ಸರೋಜ, ಚಪ್ಪರದ ಕಂಬವನ್ನು ಮೆಲ್ಲಗೆ ತಟ್ಟುತ್ತಾ. “ನೀನು ಇದನ್ನ ತೆಗೆದುಕೊಂಡು ಹೋಗು.”

“ಬೇಡ ಅಕ್ಕಾ!”

“ಸುಮ್ನಿರು. ತಂಗಿ ಆಸೆಪಟ್ಟದ್ದು ಕೊಡದಿದ್ರೆ ನಾನೆಂತ ಅಕ್ಕ? ಇದೆಲ್ಲ ನಮ್ಗೆ ದೊಡ್ಡ ವಿಷಯ ಅಲ್ಲ. ಇವ್ರೇ, ಇದನ್ನ ಬಿಚ್ಚಿ ಅಭಿಲಾಷನ ಕಾರಿನ ಮೇಲೆ ಕಟ್ಟಿಕೊಡಿ.”

ತೀರ್ಥಪ್ರಸಾದನಿಗೆ ಒಂದೇ ಆಸರೆ ಹೊಳೆಯಿತು. “ಬಿಚ್ಚಲಿಕ್ಕೆ ಆಗೂದಿಲ್ಲ ಸರೋಜ. ಅದು ಕಂಪೆನಿ ಲಾಕ್.”

“ಹೌದೌದು,” ಎಂದ ಕಿಟಕಿಯಿಂದ ಕೀರ್ತಿಕುಮಾರ್. “ಒಮ್ಮೆ ಕೂತದ್ದು ಏಳೂದಿಲ್ಲ.”

ಜಗಲಿಯಲ್ಲಿ ಚಹಾ ಕುಡಿಯುತ್ತಿದ್ದ ಮುತ್ತ ಲೋಟ ಕೆಳಗಿಟ್ಟು ಒಳಗೆ ನುಸುಳಿದ. ಗುಂಡಿ ನೋಡಿದ. ಜೇಬಿನಿಂದ ಒಂದು ಮೊಳೆ ತೆಗೆದು ರಂಧ್ರದೊಳಗೆ ಒತ್ತಿದ. ‘ಟಕ್’ ಎಂದು ಪೈಪು ಕೈಗೆ ಬಂತು. ಐದು ನಿಮಿಷದಲ್ಲಿ ಹನ್ನೆರಡೂ ಪೈಪುಗಳು ನೆಲದ ಮೇಲೆ ಮಲಗಿದವು.

“ಮುತ್ತಾ,” ಎಂದ ತೀರ್ಥಪ್ರಸಾದ್, ಪೈಪುಗಳನ್ನೇ ನೋಡುತ್ತಾ. “ಇದನ್ನ ಆವಾಗಲೇ ಯಾಕೆ ಹೇಳ್ಲಿಲ್ಲ?”

“ನೀವು ಕೇಳಿದ್ದು ಕೊಯ್ಯಲಿಕ್ಕೆ ಅಲ್ವಾ, ಅಣ್ಣ,” ಎಂದ ಮುತ್ತ. “ಬಿಚ್ಚಲಿಕ್ಕೆ ಯಾರು ಹೇಳಿದ್ರು?”

ಕೀರ್ತಿಕುಮಾರನ ಮುಖ ಕಿಟಕಿಯಿಂದ ಮಾಯವಾಗಿತ್ತು.

ಕಾರಿನ ಮೇಲೆ ಪೈಪು ಕಟ್ಟಿ, ಪರದೆ ಮಡಚಿ ಡಿಕ್ಕಿಗೆ ಹಾಕಿದ್ದಾಯಿತು. ದಿವ್ಯ ಕಣ್ಣೊರೆಸಿಕೊಂಡು ಬಾವನ ಕಾಲು ಮುಟ್ಟಲು ಬಂದಳು. ಅವನು ಹಿಂದೆ ಸರಿದ, ಮೊಣಕಾಲು ತರಚಿಹೋಗಿ ಉರಿಯುತ್ತಿತ್ತು. ಸರೋಜ ಗೇಟಿನವರೆಗೆ ಹೋಗಿ, ಕಾರು ಕಣ್ಮರೆಯಾಗುವವರೆಗೂ ಕೈ ಬೀಸಿದಳು. ತಿರುಗಿ ಬಂದವಳು ಗಂಡನ ಅಂಗಿಯ ಮೇಲಿದ್ದ ಮರದ ಪುಡಿಯನ್ನು ತಾನೇ ಕೊಡವಿದಳು. ಐದು ದಿನದ ಮೇಲೆ ನಕ್ಕಳು.

“ನಂಗೋಸ್ಕರ ಎಷ್ಟು ಕಷ್ಟ ಪಟ್ಟಿರಿ ನೀವು.”

“ಎಂತ ಕಷ್ಟ,” ಎಂದ ತೀರ್ಥಪ್ರಸಾದ್. ಅವನಿಗೂ ನಗು ಬಂತು. ಚಪ್ಪರ ಹೋದರೆ ಹೋಗಲಿ, ಮಾತು ಬಂತಲ್ಲ.

“ನಾಳೆಯೂ ಒಂದು ರಜೆ ಹಾಕಿ,” ಎಂದಳು ಸರೋಜ ಅಷ್ಟೇ ಅಕ್ಕರೆಯಿಂದ. “ನಾಪೋಕ್ಲಿಗೆ ಹೋಗಿ ನಮ್ಗೆ ಇನ್ನೊಂದು ತನ್ನಿ. ಈಗ ದಿವ್ಯನ ಹತ್ತಿರ ಉಂಟಲ್ಲ, ಅವಳದ್ದಕ್ಕಿಂತ ಸ್ವಲ್ಪ ದೊಡ್ಡದೇ ಇರ್ಲಿ.”

ಜಗಲಿಯ ಮೂಲೆಯಲ್ಲಿ ಮುತ್ತ ಗರಗಸವನ್ನು ಗೋಣಿಚೀಲಕ್ಕೆ ತುಂಬುತ್ತಿದ್ದವನು ನಿಲ್ಲಿಸಿದ. ಅದನ್ನು ಮತ್ತೆ ಹೊರತೆಗೆದು, ಉಳಿದ ಅರ್ಧ ಬಾಗಿಲನ್ನು ಒಮ್ಮೆ ನೋಡಿ, ಗೋಡೆಗೆ ಒರಗಿಸಿದ.

“ಹಾಗಾದ್ರೆ ಇದು ಇಲ್ಲೇ ಇರ್ಲಿ ಅಣ್ಣ,” ಎಂದ. “ನಾಳೆ ಹೊತ್ತುಕೊಂಡು ಬರೂದು ಉಳೀತದೆ.”